ಮತದ ಗುಟ್ಟು, ಸಮುದಾಯದ ಲೆಕ್ಕ: ಪೆನ್ನಾಗರಂ ಕ್ಷೇತ್ರದ ಓದು

2010ರ ಮಾರ್ಚ್‌ನಲ್ಲಿ ನಡೆದ ಪೆನ್ನಾಗರಂ ಉಪಚುನಾವಣೆಯಲ್ಲಿ ಡಿಎಂಕೆ ಗೆದ್ದಿತು. ಪಿಎಂಕೆ ಎರಡನೆಯ ಸ್ಥಾನಕ್ಕೆ ಬಂದಿತು. ಎಐಎಡಿಎಂಕೆ ಠೇವಣಿ ಕಳೆದುಕೊಂಡಿತು. 2016ರಲ್ಲಿ ಪಿಎಂಕೆಯ ಮುಖ್ಯಮಂತ್ರಿ ಅಭ್ಯರ್ಥಿ ಅನ್ಬುಮಣಿ ರಾಮದಾಸ್ ಇಲ್ಲಿಯೇ ಸೋತರು. 2021ರಲ್ಲಿ ಅದೇ ಪಕ್ಷದ ಜಿ.ಕೆ. ಮಣಿ ಗೆದ್ದರು. ಇಂಥ ಫಲಿತಾಂಶಗಳನ್ನು ‘ವನ್ನಿಯರ ಮತ ಒಡೆಯಿತು’, ‘ಒಗ್ಗೂಡಿತು’ ಎಂದು ಓದುವುದು ರೂಢಿ. ಆದರೆ ಮತಯಂತ್ರಕ್ಕೆ ಜಾತಿಯೂ ತಿಳಿಯದು, ಮನೆಮಾತೂ ತಿಳಿಯದು. ಹಾಗಾದರೆ ಈ ಓದಿಗೆ ಆಧಾರವೇನು?

ಒಂದು ಆಧಾರ ಮತದಾನೋತ್ತರ ಸಮೀಕ್ಷೆ. ಲೋಕನೀತಿ–ಸಿಎಸ್‌ಡಿಎಸ್ ಸಮೀಕ್ಷೆಗಳಲ್ಲಿ ಮತದಾರರು ಮಾದರಿ ಮತಪತ್ರಕ್ಕೆ ಗುರುತು ಹಾಕಿ ಪೆಟ್ಟಿಗೆಯಲ್ಲಿ ಹಾಕುತ್ತಾರೆ. ಜಾತಿ, ವಿದ್ಯಾಭ್ಯಾಸ ಮುಂತಾದ ವಿವರಗಳನ್ನು ಕೇಳಿ ಬರೆದುಕೊಳ್ಳಲಾಗುತ್ತದೆ. ಇಡೀ ರಾಜ್ಯಕ್ಕೆ ಸಾಲುವ ಇಂಥ ಮಾದರಿಯಲ್ಲಿ ಒಂದು ಗಡಿ ತಾಲೂಕಿನ ಕನ್ನಡಿಗರು ಬೆರಳೆಣಿಕೆಯಲ್ಲೂ ಸಿಗಲಾರರು.

ಇನ್ನೊಂದು ಆಧಾರ ನಮೂನೆ 20, ಅಂದರೆ ಮತಗಟ್ಟೆವಾರು ಫಲಿತಾಂಶ. 500 ಮತ ಬಿದ್ದ ಮತಗಟ್ಟೆಯೊಂದನ್ನು ಕಲ್ಪಿಸಿಕೊಳ್ಳಬಹುದು. ಅದರಲ್ಲಿ 400 ಮತ ಒಂದು ಸಮುದಾಯದ್ದು, ಗೆದ್ದವನಿಗೆ ಬಂದದ್ದು 350. ಉಳಿದ 100 ಮಂದಿಯೂ ಅವನಿಗೇ ಮತ ಹಾಕಿದ್ದರೂ ಆ ಸಮುದಾಯದ ಕನಿಷ್ಠ 250 ಮತ ಅವನದು. ಅದೇ ಸಮುದಾಯದ ಮತ ಕೇವಲ 60 ಆಗಿದ್ದರೆ ಉತ್ತರ ಸೊನ್ನೆಯಿಂದ 60ರವರೆಗೆ ಎಲ್ಲಿಯಾದರೂ ಇರಬಹುದು. ಈ ಅಂತರವನ್ನು ಸರಾಸರಿಗಳಿಂದ ತುಂಬುವ ಅಪಾಯವನ್ನು ಡಬ್ಲ್ಯು.ಎಸ್. ರಾಬಿನ್ಸನ್ 1950ರಲ್ಲೇ ತೋರಿಸಿದ್ದರು: ಅಮೆರಿಕದಲ್ಲಿ ಹೊರದೇಶದಲ್ಲಿ ಹುಟ್ಟಿದವರು ಹೆಚ್ಚಾಗಿದ್ದ ರಾಜ್ಯಗಳಲ್ಲಿ ಸಾಕ್ಷರತೆ ಹೆಚ್ಚಿತ್ತು, ಆದರೆ ಹಾಗೆ ಹುಟ್ಟಿದವರಲ್ಲಿ ಅನಕ್ಷರತೆಯೇ ಹೆಚ್ಚಿತ್ತು. 1997ರಲ್ಲಿ ಗ್ಯಾರಿ ಕಿಂಗ್ ಸೂಚಿಸಿದ ವಿಧಾನವೂ ಊಹೆಗಳ ಮೇಲೆಯೇ ನಿಂತಿದೆ.

ಪೆನ್ನಾಗರದಲ್ಲಿ ಮೊದಲ ಅಂಕಿಯೇ ಅನಿಶ್ಚಿತ. ಮತದಾರರ ಪಟ್ಟಿಯಲ್ಲಿ ಜಾತಿಯ ಅಂಕಣವಿಲ್ಲ, ಮಾತೃಭಾಷೆಯದೂ ಇಲ್ಲ. ಹೆಸರನ್ನು ನಂಬೋಣವೆಂದರೆ, ಮಾದೇಶ್ವರನ ಸೀಮೆಯ ಮಾದಯ್ಯ ತಮಿಳು ಪಟ್ಟಿಯಲ್ಲಿ ಮಾದಯ್ಯನ್ ಆಗುತ್ತಾನೆ. ಆ ಹೆಸರು ತಮಿಳು ಮನೆಗಳಲ್ಲೂ ಉಂಟು. ‘ಗೌಂಡರ್’ ಎಂಬುದು ಇಲ್ಲಿನ ವನ್ನಿಯರದೂ ಹೌದು, ಕೊಂಗು ವೆಳ್ಳಾಳರದೂ ಹೌದು. ಎರಡು ಭಾಷೆಗಳ ಹೆಸರನ್ನು ಒಂದೇ ಭಾಷೆಯ ಲಿಪಿಯಲ್ಲಿ ಓದಿ ಮಾಡಿದ ಎಣಿಕೆ ಅನುವಾದದಷ್ಟೇ ಸಂದಿಗ್ಧ. ಆ ಸಂದಿಗ್ಧತೆ ಶೇಕಡಾವಾರಿನ ಅಂಕಿಯಲ್ಲಿ ಮರೆಯಾಗುತ್ತದೆ.

ಇದಕ್ಕಿಂತ ಗಂಭೀರವಾದದ್ದು ಮೇಲಿನ ಲೆಕ್ಕದ ಮೊದಲ ಭಾಗ. ಸಮುದಾಯವೊಂದು ಒಂದೇ ಮತಗಟ್ಟೆಯಲ್ಲಿ ಗುಂಪಾಗಿದ್ದಾಗ ಮಾತ್ರ ಅಳತೆ ಖಚಿತವಾಗುತ್ತದೆ. ಅಲ್ಲಿಯೇ ಗುಟ್ಟೂ ಬಯಲಾಗುತ್ತದೆ. ಯಾರಿಗೆ ಮತ ಹಾಕಿದೆಯೆಂದು ಹೇಳುವಂತೆ ಯಾವ ಸಾಕ್ಷಿಯನ್ನೂ ಒತ್ತಾಯಿಸಬಾರದೆಂದು 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 94ನೆಯ ಕಲಂ ಹೇಳುತ್ತದೆ. ಅದು ಕಾಯುವುದು ವ್ಯಕ್ತಿಯನ್ನು, ಊರನ್ನಲ್ಲ. ಮತಪತ್ರಗಳ ಕಾಲದಲ್ಲಿ ಹಲವು ಪೆಟ್ಟಿಗೆಗಳ ಮತಗಳನ್ನು ಬೆರೆಸಿ ಎಣಿಸಲು ಅವಕಾಶವಿತ್ತು. ಮತಯಂತ್ರಗಳಿಗೂ ಅಂಥ ‘ಟೋಟಲೈಸರ್’ ಬೇಕೆಂದು ಕಾನೂನು ಆಯೋಗ 2015ರಲ್ಲಿ ತನ್ನ 255ನೆಯ ವರದಿಯಲ್ಲಿ ಶಿಫಾರಸು ಮಾಡಿತು.

ಅದು ಜಾರಿಗೆ ಬಂದರೆ ಸಂಶೋಧಕರು ತಮ್ಮ ಅತ್ಯುತ್ತಮ ಆಕರವನ್ನು ಕಳೆದುಕೊಳ್ಳುತ್ತಾರೆ. ಆದರೆ ಗಡಿಯ ಅಲ್ಪಸಂಖ್ಯಾತ ಭಾಷಿಕರಿಗೆ, ಮತ ಎತ್ತ ಹೋಯಿತೆಂಬುದು ರಸ್ತೆ, ನೀರು, ಶಾಲೆ ಕೊಡುವವರಿಗೆ ತಿಳಿಯದಿರುವುದೇ ರಕ್ಷೆ. ಅವರ ಮತವನ್ನು ಓದಹೊರಟ ವಿದ್ವತ್ತು ಈ ಬೆಲೆಯನ್ನೂ ತನ್ನ ಲೆಕ್ಕದಲ್ಲಿ ಸೇರಿಸಬೇಕು.