ಹಾರಿಹೋದವನು ಮರಳಿ ಇಳಿಯುವುದೆಲ್ಲಿ?

ವಿಮಾನವಾಹಕ ನೌಕೆಗಳ ಚರಿತ್ರೆ ಬರೆಯುವವರಿಗೆ ‘ಮೊದಲಿಗರ’ ಮೇಲೆ ಬಹಳ ಮೋಹ. ಹಡಗಿನಿಂದ ಮೊದಲು ಹಾರಿದವರು ಯಾರು, ಮೊದಲು ಬಾಂಬು ಹಾಕಿದವರು ಯಾರು ಎಂದು ಎಣಿಸುತ್ತ ಹೋದರೆ ಬ್ರಿಟನ್ನಿನ ಫ್ಯೂರಿಯಸ್ ನೌಕೆಗೆ ದೊಡ್ಡ ಮರ್ಯಾದೆಯೇ ಸಿಗುತ್ತದೆ. ಈ ಎಣಿಕೆಯನ್ನು ನಾನು ಒಪ್ಪುವುದಿಲ್ಲ. ಹಡಗಿನಿಂದ ಏರುವುದು ಬೇಗ ಕೈಗೂಡಿತ್ತು. ವರ್ಷಗಟ್ಟಲೆ ಕಾಡಿದ್ದು ಇಳಿಯುವುದು. ಕಳಿಸಿಕೊಟ್ಟ ಪೈಲಟನ್ನು ಮರಳಿ ಬರಮಾಡಿಕೊಳ್ಳಲು ಏನು ಏರ್ಪಾಡಿತ್ತು ಎಂಬ ಒಂದೇ ಪ್ರಶ್ನೆಯಿಂದ ಆ ಕಾಲದ ನೌಕೆಗಳನ್ನು ಅಳೆಯಬೇಕು.

ಅಮೆರಿಕದ ಯೂಜೀನ್ ಎಲಿ 1910ರ ನವೆಂಬರ್ 14ರಂದು ಬರ್ಮಿಂಗ್‌ಹ್ಯಾಮ್ ಎಂಬ ಕ್ರೂಸರಿನ ಮುಂಭಾಗಕ್ಕೆ ಕಟ್ಟಿದ್ದ ಮರದ ಅಟ್ಟದಿಂದ ಹಾರಿದ. ವಿಮಾನ ಕೆಳಗಿಳಿದು ನೀರನ್ನು ಸವರಿ, ಹೇಗೋ ಮೇಲೆದ್ದು ದಡ ಸೇರಿತು. ಎರಡು ತಿಂಗಳ ನಂತರ, 1911ರ ಜನವರಿ 18ರಂದು, ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಲಂಗರು ಹಾಕಿದ್ದ ಪೆನ್ಸಿಲ್ವೇನಿಯಾ ನೌಕೆಯ ಮೇಲೆ ಅವನು ಇಳಿದ. ಅಟ್ಟಕ್ಕೆ ಅಡ್ಡಡ್ಡವಾಗಿ ಹಗ್ಗಗಳನ್ನು ಎಳೆದು, ಪ್ರತಿ ಹಗ್ಗದ ಎರಡೂ ತುದಿಗೆ ಮರಳಿನ ಚೀಲ ಕಟ್ಟಿದ್ದರು. ವಿಮಾನದ ಅಡಿಯ ಕೊಕ್ಕೆಗಳು ಹಗ್ಗಕ್ಕೆ ಸಿಕ್ಕಿ, ಚೀಲಗಳ ಭಾರ ವಿಮಾನವನ್ನು ಹಿಡಿದು ನಿಲ್ಲಿಸಿತು. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್‌ನ ನೌಕಾ ಮಾದರಿ 2020ರ ಜನವರಿ 11ರಂದು ಐಎನ್ಎಸ್ ವಿಕ್ರಮಾದಿತ್ಯದ ಮೇಲೆ ಮೊದಲ ಸಲ ಇಳಿದಾಗಲೂ ಅದರ ಬಾಲದ ಕೊಕ್ಕೆ ಹಿಡಿದದ್ದು ಇಂಥದೇ ಅಡ್ಡ ತಂತಿಯನ್ನು. ಮರಳಿನ ಚೀಲದ ಜಾಗಕ್ಕೆ ಹೈಡ್ರಾಲಿಕ್ ಯಂತ್ರ ಬಂದಿದೆ, ಅಷ್ಟೆ.

ಮುಂದಿನ ಕೆಲವು ವರ್ಷ ನೌಕಾಪಡೆಗಳು ನೀರಿನ ಮೇಲೆ ಇಳಿಯುವ ಸೀಪ್ಲೇನ್‌ಗಳನ್ನೇ ನಂಬಿದವು. ಜಪಾನಿನ ವಾಕಾಮಿಯಾ 1914ರಲ್ಲಿ ಚಿಂಗ್‌ತಾವ್ ಮುತ್ತಿಗೆಯ ವೇಳೆ ಅವನ್ನು ಬಳಸಿತು. ಅದೇ ವರ್ಷ ಕ್ರಿಸ್‌ಮಸ್ ದಿನ ಬ್ರಿಟಿಷರು ಕುಕ್ಸ್‌ಹಾವನ್ ದಾಳಿಗೆ ಬಳಸಿದರು. ಆದರೆ ವಿಮಾನವನ್ನು ಕ್ರೇನಿನಿಂದ ನೀರಿಗಿಳಿಸಿ ಮತ್ತೆ ಎತ್ತಿಕೊಳ್ಳಲು ಹಡಗು ನಿಲ್ಲಬೇಕಿತ್ತು. ಅಲೆ ಜೋರಿದ್ದರೆ ಹಾರಾಟವೇ ಇಲ್ಲ. ಜಲಾಂತರ್ಗಾಮಿಗಳು ಓಡಾಡುವ ಸಮುದ್ರದಲ್ಲಿ ನಿಂತ ಹಡಗಿನ ಗತಿಯನ್ನು ಬಿಡಿಸಿ ಹೇಳಬೇಕಿಲ್ಲ.

ಫ್ಯೂರಿಯಸ್ ಹುಟ್ಟಿದ್ದು 18 ಇಂಚಿನ ಭಾರಿ ಫಿರಂಗಿಗಳನ್ನು ಹೊರುವ ಯುದ್ಧನೌಕೆಯಾಗಿ. 1917ರಲ್ಲಿ ಮುಂಭಾಗದ ಫಿರಂಗಿಯ ಜಾಗದಲ್ಲಿ ವಿಮಾನಗಳಿಗೆ ಡೆಕ್ ಹಾಕಿದರು. ಅದು ಏರುವುದಕ್ಕೆ ಮಾತ್ರ. ಇಳಿಯಬೇಕಾದವನಿಗೆ ಎದುರಾಗುತ್ತಿದ್ದದ್ದು ಹಡಗಿನ ನಡುವೆ ನಿಂತಿದ್ದ ಸೇತುವೆ (ಹಡಗನ್ನು ನಡೆಸುವ ಕಟ್ಟಡ), ಹೊಗೆಕೊಳವೆ, ಕೂವೆಕಂಬ. ಎಡ್ವಿನ್ ಡನ್ನಿಂಗ್ ಎಂಬ ಅಧಿಕಾರಿ ಇದಕ್ಕೂ ಒಂದು ದಾರಿ ಹುಡುಕಿದ. ಗಾಳಿಗೆದುರಾಗಿ ಸಾಗುವ ಹಡಗಿನ ಪಕ್ಕದಲ್ಲೇ ನಿಧಾನವಾಗಿ ಹಾರುತ್ತ ಬಂದು, ಸೇತುವೆ ದಾಟಿದೊಡನೆ ಒಳಕ್ಕೆ ಜಾರಿ, ಮುಂದಿನ ಡೆಕ್ಕಿನ ಮೇಲೆ ತೂಗಿನಿಲ್ಲುವುದು. ಆಗಸ್ಟ್ 2ರಂದು ಸ್ಕಾಪಾ ಫ್ಲೋದಲ್ಲಿ ಅವನ ಸಾಪ್‌ವಿತ್ ಪಪ್ ಹಾಗೆಯೇ ಇಳಿಯಿತು. ಸಹೋದ್ಯೋಗಿಗಳು ಓಡಿಬಂದು, ವಿಮಾನಕ್ಕೆ ಕಟ್ಟಿದ್ದ ಪಟ್ಟಿಗಳನ್ನು ಹಿಡಿದು ಕೈಯಿಂದಲೇ ಅದನ್ನು ನಿಲ್ಲಿಸಿದರು. ಚಲಿಸುವ ಹಡಗಿನ ಮೇಲೆ ವಿಮಾನ ಇಳಿದದ್ದು ಅದೇ ಮೊದಲು. ಐದು ದಿನಗಳ ನಂತರ ಮತ್ತೆ ಯತ್ನಿಸಿದಾಗ ವಿಮಾನ ಡೆಕ್ಕಿನ ಅಂಚಿನಾಚೆ ಉರುಳಿ, ಡನ್ನಿಂಗ್ ಮುಳುಗಿ ಸತ್ತ.

ಡನ್ನಿಂಗ್‌ನ ಧೈರ್ಯಕ್ಕೆ ತಲೆಬಾಗುತ್ತೇನೆ. ಆ ಧೈರ್ಯದ ನೆರಳಿನಲ್ಲಿ ನೌಕೆಯ ದೋಷ ಮರೆಯಾಗಬಾರದು. ಒಬ್ಬನ ಅಸಾಮಾನ್ಯ ಕೈಚಳಕವಿದ್ದರೆ ಮಾತ್ರ ನಡೆಯುವ ವ್ಯವಸ್ಥೆ ವ್ಯವಸ್ಥೆಯೇ ಅಲ್ಲ. ಮರುವರ್ಷ ಹಿಂಭಾಗದಲ್ಲೂ ಒಂದು ಡೆಕ್ ಹಾಕಿದರು, ಸೇತುವೆಯನ್ನೂ ಹೊಗೆಕೊಳವೆಯನ್ನೂ ಮಾತ್ರ ನಡುವೆಯೇ ಬಿಟ್ಟರು. ಅವುಗಳಿಗೆ ಬಡಿದ ಗಾಳಿ ಸುಳಿಸುಳಿಯಾಗಿ, ಬಿಸಿ ಹೊಗೆಯೊಡನೆ ಬೆರೆತು, ಇಳಿಯಲು ಬರುವ ವಿಮಾನದ ಮೇಲೆ ಎರಗುತ್ತಿತ್ತು. ಹೆಚ್ಚಿನ ಯತ್ನಗಳು ಅಪಘಾತದಲ್ಲಿ ಮುಗಿದವು. ಇಳಿಯುವ ಆಲೋಚನೆಯನ್ನೇ ಕೈಬಿಟ್ಟರು. ಟೊಂಡರ್ನ್‌ನ ಜರ್ಮನ್ ವಾಯುನೌಕಾ ನೆಲೆಯ ಮೇಲೆ 1918ರ ಜುಲೈ 19ರಂದು ನಡೆದ ದಾಳಿಯನ್ನು ಈ ಬೆಳಕಿನಲ್ಲಿ ಓದಬೇಕು. ಫ್ಯೂರಿಯಸ್‌ನಿಂದ ಏಳು ಕ್ಯಾಮೆಲ್ ವಿಮಾನಗಳು ಹೊರಟವು, ಎಲ್-54 ಮತ್ತು ಎಲ್-60 ಎಂಬ ಎರಡು ಜೆಪ್ಪೆಲಿನ್‌ಗಳು ಸುಟ್ಟುಹೋದವು. ದೊಡ್ಡ ಗೆಲುವು, ನಿಜ. ಆದರೆ ಒಂದು ವಿಮಾನವೂ ಹಡಗಿನ ಮೇಲೆ ಇಳಿಯಲಿಲ್ಲ. ಮೂವರು ಪೈಲಟ್‌ಗಳು ಡೆನ್ಮಾರ್ಕಿನಲ್ಲಿ ಇಳಿದರು, ಮೂವರು ತಮ್ಮ ಹಡಗುಗಳ ಹತ್ತಿರ ಸಮುದ್ರಕ್ಕಿಳಿದು ಬದುಕಿಕೊಂಡರು, ಒಬ್ಬ ಸಮುದ್ರದ ಪಾಲಾದ. ಹೀಗೆ ಬಿಟ್ಟ ಬಾಣದಂತೆ ವಿಮಾನಗಳನ್ನು ಕಳೆದುಕೊಳ್ಳುವ ನೌಕೆಯನ್ನು ವಿಮಾನವಾಹಕ ಎಂದು ಪೂರ್ಣ ಅರ್ಥದಲ್ಲಿ ಕರೆಯಲಾರೆ.

ಆ ಹೆಸರಿಗೆ ಅರ್ಹವಾದ ಮೊದಲ ನೌಕೆ ಆರ್ಗಸ್. ಇಟಲಿಗಾಗಿ ಕಟ್ಟುತ್ತಿದ್ದ ಕಾಂಟೆ ರೊಸ್ಸೊ ಎಂಬ ಪ್ರಯಾಣಿಕರ ಹಡಗನ್ನು ಮಾರ್ಪಡಿಸಿ 1918ರ ಸೆಪ್ಟೆಂಬರಿನಲ್ಲಿ ಅದನ್ನು ಸಿದ್ಧಗೊಳಿಸಿದರು. ತುದಿಯಿಂದ ತುದಿಗೆ ಚಪ್ಪಟೆ ಡೆಕ್. ಹೊಗೆಯನ್ನು ಡೆಕ್ಕಿನಡಿಯ ಕೊಳವೆಗಳಲ್ಲಿ ಹಿಂಬದಿಗೆ ಸಾಗಿಸಿದರು. ದಾರಿ ನೋಡಿ ನಡೆಸುವ ಕೋಣೆಯನ್ನು ಬೇಕಾದಾಗ ಕೆಳಗಿಳಿಸುವಂತೆ ಮಾಡಿದರು. ಪೈಲಟನ ಕಣ್ಣಿಂದ ನೋಡಿ ಕಟ್ಟಿದ ಹಡಗು ಇದು. ಇದರ ಮೇಲೆ ಮಾಡಿದ ಇನ್ನೊಂದು ಪ್ರಯೋಗ ನನಗೆ ಬಹಳ ಮೆಚ್ಚುಗೆಯದು: ಕ್ಯಾನ್ವಾಸ್ ಮತ್ತು ಮರದಿಂದ ಒಂದು ಸುಳ್ಳು ಸೇತುವೆ ಕಟ್ಟಿ ಡೆಕ್ಕಿನ ಬಲ ಅಂಚಿನಲ್ಲಿ ನಿಲ್ಲಿಸಿ, ವಿಮಾನ ಇಳಿಸಿ ನೋಡಿದರು. ತೊಂದರೆಯಾಗಲಿಲ್ಲ. ಈಗಲೂ ವಿಮಾನವಾಹಕಗಳ ಸೇತುವೆ ಬಲಬದಿಯಲ್ಲೇ ಇದೆ. ಉಕ್ಕಿಗೆ ಕೈಹಾಕುವ ಮೊದಲು ಬಟ್ಟೆಯಲ್ಲಿ ಪರೀಕ್ಷಿಸಿದ ಈ ವಿವೇಕ ಫ್ಯೂರಿಯಸ್‌ನ ಮೊದಲೆರಡು ರೂಪಗಳಿಗೆ ಇರಲಿಲ್ಲ.

ಇಷ್ಟು ಮುಂದಿದ್ದ ಬ್ರಿಟನ್ ಹಿಂದೆ ಬಿದ್ದದ್ದು ಖೇದದ ಸಂಗತಿ. 1918ರ ಏಪ್ರಿಲ್ 1ರಂದು ನೌಕಾಪಡೆಯ ವಾಯುವಿಭಾಗವನ್ನು ಹೊಸ ವಾಯುಪಡೆಯಲ್ಲಿ ವಿಲೀನಗೊಳಿಸಿದರು. ಅದು ಪೂರ್ತಿಯಾಗಿ ನೌಕಾಪಡೆಗೆ ಮರಳಿದ್ದು 1939ರಲ್ಲಿ. ಹಡಗು ಒಬ್ಬರದು, ವಿಮಾನ ಇನ್ನೊಬ್ಬರದು ಎಂಬ ಆ ಎರಡು ದಶಕ ಬಹಳ ಕೆಡಿಸಿತು. ಡೆಕ್ಕಿನ ಮೇಲೂ ದಾರಿ ತಪ್ಪಿದರು. ಅಡ್ಡ ತಂತಿಯ ಬದಲು ಡೆಕ್ಕಿನ ಉದ್ದಕ್ಕೆ ಎಳೆದ ತಂತಿಗಳನ್ನು ನೆಚ್ಚಿಕೊಂಡರು. ಹಗುರ ವಿಮಾನವನ್ನು ಗಾಳಿ ಪಕ್ಕಕ್ಕೆ ತಳ್ಳದಿರಲಿ ಎಂಬ ಉದ್ದೇಶವೇನೋ ಸರಿ. ಆದರೆ ತಂತಿಗೆ ಸಿಕ್ಕ ವಿಮಾನಗಳು ಮೂತಿ ಕುಟ್ಟುತ್ತಿದ್ದವು, ಚಕ್ರಗಳು ಮುರಿಯುತ್ತಿದ್ದವು.

ಅತ್ತ ಅಮೆರಿಕ ಜೂಪಿಟರ್ ಎಂಬ ಕಲ್ಲಿದ್ದಲು ಹಡಗನ್ನು ಮಾರ್ಪಡಿಸಿ 1922ರಲ್ಲಿ ಲ್ಯಾಂಗ್ಲಿಯನ್ನು ಸೇವೆಗಿಳಿಸಿತು. ಹಡಗಾಗಿ ಅದು ಸಾಧಾರಣ, ಓಟವೂ ನಿಧಾನ. ಆದರೆ 1925ರಲ್ಲಿ ಬಂದ ಜೋಸೆಫ್ ರೀವ್ಸ್ ಎಂಬ ನೌಕಾಧಿಕಾರಿ ಅದನ್ನು ಪಾಠಶಾಲೆಯಾಗಿಸಿದ. ಬ್ರಿಟಿಷ್ ನೌಕೆಗಳಲ್ಲಿ ಇಳಿದ ವಿಮಾನವನ್ನು ಲಿಫ್ಟಿನಲ್ಲಿ ಹ್ಯಾಂಗರಿಗೆ ಸೇರಿಸಿದ ಮೇಲೆಯೇ ಮುಂದಿನದಕ್ಕೆ ಸರದಿ. ರೀವ್ಸ್ ಇಳಿದವನ್ನು ಡೆಕ್ಕಿನ ಮುಂಭಾಗಕ್ಕೆ ತಳ್ಳಿಸಿ ನಿಲ್ಲಿಸಿದ, ಹಿಂದಿನಿಂದ ಬರುವುದು ಅವಕ್ಕೆ ಗುದ್ದದಂತೆ ನಡುವೆ ತಡೆ ಕಟ್ಟಿಸಿದ. ಹದಿನಾಲ್ಕರ ಆಸುಪಾಸಿನಲ್ಲಿದ್ದ ವಿಮಾನಗಳ ಸಂಖ್ಯೆ 42ಕ್ಕೆ ಏರಿತು. ಹೊಸ ಉಕ್ಕಿಲ್ಲದೆ, ಬರೀ ಕೆಲಸದ ಕ್ರಮದಿಂದ ಬಂದ ಬಲ ಅದು. ಆ ಇಡೀ ಕಾಲದಲ್ಲಿ ಇದಕ್ಕಿಂತ ದೊಡ್ಡ ಆವಿಷ್ಕಾರ ನನಗೆ ಕಾಣುವುದಿಲ್ಲ.

ಜಪಾನ್ ಬ್ರಿಟಿಷರಿಂದಲೇ ಕಲಿಯಿತು. 1921ರಲ್ಲಿ ಸೆಂಪಿಲ್ ನೇತೃತ್ವದ ತಂಡ ಅಲ್ಲಿನ ನೌಕಾ ಪೈಲಟ್‌ಗಳಿಗೆ ತರಬೇತಿ ಕೊಟ್ಟಿತು. ವಿಮಾನವಾಹಕವಾಗಿಯೇ ವಿನ್ಯಾಸಗೊಂಡು ಮೊದಲು ಪೂರ್ಣಗೊಂಡ ನೌಕೆ, 1922ರ ಡಿಸೆಂಬರಿನಲ್ಲಿ ಸೇವೆಗೆ ಬಂದ ಹೋಶೋ, ಜಪಾನಿನದೇ. ಅದಕ್ಕೂ ಮೊದಲು ಕಟ್ಟಲು ಆರಂಭಿಸಿದ್ದ ಬ್ರಿಟನ್ನಿನ ಹರ್ಮಿಸ್ ಮುಗಿಯುವಷ್ಟರಲ್ಲಿ 1924 ಬಂದಿತ್ತು. 1942ರ ಏಪ್ರಿಲ್ 9ರಂದು ಸಿಲೋನಿನ ಬಟ್ಟಿಕಲೋವಾ ಬಳಿ ಅದೇ ಹರ್ಮಿಸನ್ನು ಜಪಾನಿ ವಿಮಾನವಾಹಕಗಳಿಂದ ಹಾರಿಬಂದ ವಿಮಾನಗಳು ಮುಳುಗಿಸಿದವು. ಆ ದಿನ ಅದರ ಡೆಕ್ಕಿನಲ್ಲಾಗಲಿ ಹ್ಯಾಂಗರಿನಲ್ಲಾಗಲಿ ಒಂದು ವಿಮಾನವೂ ಇರಲಿಲ್ಲ.