ಹೊಕ್ಕುಳಿನ ಗೆರೆ

ಆ ತುಣುಕನ್ನು ಇಲ್ಲಿಯವರೆಗೆ ಎಷ್ಟು ಸಲ ನೋಡಿದ್ದೀನೋ ಲೆಕ್ಕವಿಲ್ಲ. ಡೇನಿಯಲ್ ಡುಬ್ವಾ ಬಲಗೈ ಚಾಚಿ ಗುದ್ದುತ್ತಾನೆ. ಒಲೆಕ್ಸಾಂಡರ್ ಉಸಿಕ್ ಹೊಟ್ಟೆ ಹಿಡಿದುಕೊಂಡು ಕುಸಿಯುತ್ತಾನೆ. ರೆಫ್ರಿ ಲೂಯಿಸ್ ಪಾಬೊನ್ ಎಣಿಸುವುದಿಲ್ಲ. ಗುದ್ದು ಬೆಲ್ಟಿನ ಕೆಳಗೆ ಬಿತ್ತು ಅಂತ ಸನ್ನೆ ಮಾಡುತ್ತಾನೆ. ಅಷ್ಟೆ. 2023ರ ಆಗಸ್ಟ್ 26ರಂದು, ಪೋಲೆಂಡಿನ ವ್ರೊತ್ಸ್ವಾಫ್ ನಗರದ ಸ್ಟೇಡಿಯಂನಲ್ಲಿ, ಹೆವಿವೇಟ್ ಪಂದ್ಯದ ಐದನೇ ಸುತ್ತಿನಲ್ಲಿ ನಡೆದದ್ದು ಇದು. ನಮ್ಮಲ್ಲಿ ಆಗ ಭಾನುವಾರದ ನಡುರಾತ್ರಿ ದಾಟಿತ್ತು. ನಾನು, ನನ್ನ ರೂಮ್‌ಮೇಟ್ ಇಬ್ಬರೂ ಲ್ಯಾಪ್‌ಟಾಪ್ ಮುಂದೆ ಕೂತಿದ್ವಿ. ಅವನು ಹಾರಿ ಎದ್ದು ನಿಂತು "ಮಗಾ, ಇದು ಮೇಲೇ ಬಿತ್ತು!" ಅಂತ ಕೂಗಿದ. ನಾನು ಕೂತಲ್ಲಿಂದಲೇ "ಕೆಳಗೆ, ಕ್ಲೀನಾಗಿ ಕೆಳಗೆ" ಅಂದೆ.

ಈಗ ಯೋಚಿಸಿದರೆ, ನಾನು ಹಾಗೆ ಹೇಳಿದಾಗ ಇನ್ನೂ ರೀಪ್ಲೇ ತೋರಿಸಿರಲಿಲ್ಲ.

ಬಾಕ್ಸಿಂಗ್ ನೋಡದವರಿಗೆ ಎರಡು ಮಾತು. ಸೊಂಟದ ಗೆರೆಗಿಂತ ಕೆಳಗೆ ಗುದ್ದುವ ಹಾಗಿಲ್ಲ. ಆ ಗೆರೆ ಎಲ್ಲಿದೆ ಅಂದರೆ, ಸುಮಾರು ಹೊಕ್ಕುಳಿನ ಮಟ್ಟದಲ್ಲಿ, ಸೊಂಟದ ಮೂಳೆಯ ಮೇಲ್ತುದಿಗೆ ಸರಿಯಾಗಿ. ಆದರೆ ಅದನ್ನು ಯಾರೂ ಮೈಮೇಲೆ ಬಣ್ಣದಲ್ಲಿ ಬರೆದಿರುವುದಿಲ್ಲ. ಅದರ ಮೇಲೆ ಒಳಗಿನ ರಕ್ಷಾಕವಚ, ಅದರ ಮೇಲೆ ಚಡ್ಡಿ, ಚಡ್ಡಿಗೊಂದು ಅಗಲವಾದ ಪಟ್ಟಿ. ಪಟ್ಟಿಯನ್ನು ಮೇಲಕ್ಕೆ ಎಳೆದು ಕಟ್ಟಿಕೊಂಡರೆ ಎದುರಾಳಿಗೆ ಗುದ್ದಲು ಸಿಗುವ ಜಾಗ ಅಷ್ಟು ಕಡಿಮೆ. ಹಾಗಾಗಿಯೇ ಪಂದ್ಯಕ್ಕೆ ಮೊದಲು ರೆಫ್ರಿ ಇಬ್ಬರನ್ನೂ ಕರೆದು, ಪಟ್ಟಿಯ ಮೇಲೆ ಕೈಯಿಟ್ಟು, ಇಲ್ಲಿಂದ ಮೇಲೆ ಸರಿ, ಇಲ್ಲಿಂದ ಕೆಳಗೆ ತಪ್ಪು ಅಂತ ಹೇಳಿಬಿಡುತ್ತಾನೆ. ಅಂದರೆ ಗೆರೆ ಇರುವುದು ಮೈಮೇಲಲ್ಲ, ರೆಫ್ರಿಯ ನೆನಪಿನಲ್ಲಿ.

ಉಸಿಕ್‌ಗೆ ಸುಧಾರಿಸಿಕೊಳ್ಳಲು ಐದು ನಿಮಿಷದವರೆಗೆ ಅವಕಾಶವಿತ್ತು. ಅವನು ನಾಲ್ಕು ನಿಮಿಷಕ್ಕೆ ಸ್ವಲ್ಪ ಕಡಿಮೆ ತಗೊಂಡ. ಆಮೇಲೆ ಎದ್ದು ಆಡಿದ, ಎಂಟನೇ ಸುತ್ತಿನಲ್ಲಿ ಡುಬ್ವಾನನ್ನು ಕೆಡವಿದ, ಒಂಬತ್ತರಲ್ಲಿ ಮತ್ತೆ ಕೆಡವಿ ಪಂದ್ಯ ಮುಗಿಸಿದ. ಡುಬ್ವಾನ ಪ್ರಮೋಟರ್ ಫ್ರಾಂಕ್ ವಾರನ್ ಅನ್ಯಾಯವಾಯ್ತು ಅಂತ ಗಲಾಟೆ ಮಾಡಿದರು, ಡಬ್ಲ್ಯೂಬಿಎಗೆ ಮೇಲ್ಮನವಿಯನ್ನೂ ಕೊಟ್ಟರು. ಅದು ನಡೆಯಲಿಲ್ಲ.

ನನ್ನ ರೂಮ್‌ಮೇಟ್‌ನ ವಾದ ಸರಳ. ಗುದ್ದು ಪಟ್ಟಿಯ ಮೇಲೆ ಬಿತ್ತು, ಅದು ನ್ಯಾಯವಾದ ಹೊಡೆತ, ಎಣಿಸಬೇಕಿತ್ತು, ಹತ್ತು ಸೆಕೆಂಡಿನಲ್ಲಿ ಉಸಿಕ್ ಏಳುತ್ತಿರಲಿಲ್ಲ, ಆದ್ದರಿಂದ ಡುಬ್ವಾ ವಿಶ್ವ ಚಾಂಪಿಯನ್. ಬಹಳ ಜನ ಇವತ್ತಿಗೂ ಇದನ್ನೇ ಹೇಳುತ್ತಾರೆ. ಮೊದಲ ಎರಡು ಹೆಜ್ಜೆಗಳನ್ನು ನಾನು ಈಗ ಅರ್ಧ ಒಪ್ಪುತ್ತೇನೆ. ಕೈಗವಸು ದೊಡ್ಡದು. ಅದರ ಮೇಲಿನ ಭಾಗ ಗೆರೆಯ ಮೇಲೆ, ಕೆಳಗಿನ ಭಾಗ ಗೆರೆಯ ಕೆಳಗೆ ಇದ್ದ ಹಾಗೆ ಕಾಣುತ್ತೆ. ನೂರು ರೆಫ್ರಿಗಳನ್ನು ಕೇಳಿದರೆ ನೂರೂ ಜನ ಒಂದೇ ಉತ್ತರ ಹೇಳುವಂಥ ಗುದ್ದು ಅದಲ್ಲ.

ಆದರೆ ಕೊನೆಯ ಹೆಜ್ಜೆ ಇದೆಯಲ್ಲ, "ಹತ್ತು ಸೆಕೆಂಡಿನಲ್ಲಿ ಏಳುತ್ತಿರಲಿಲ್ಲ" ಅನ್ನೋದು, ಅಲ್ಲಿ ವಾದ ಜಾರುತ್ತೆ. ಉಸಿಕ್ ಹತ್ತು ಸೆಕೆಂಡಿನಲ್ಲಿ ಏಳಲಿಲ್ಲ, ನಿಜ. ಯಾಕೆ ಏಳಬೇಕು? ಎಣಿಕೆಯೇ ಇಲ್ಲ ಅಂತ ರೆಫ್ರಿ ಹೇಳಿಯಾಗಿದೆ. ಬಸ್ಸು ಅರ್ಧ ಗಂಟೆ ಲೇಟು ಅಂತ ಗೊತ್ತಾದ ಮೇಲೆ ಯಾರೂ ಸ್ಟ್ಯಾಂಡಿಗೆ ಓಡುವುದಿಲ್ಲ. ಓಡಲಿಲ್ಲ ಅಂತ, ಅವನಿಗೆ ಓಡೋಕೆ ಕಾಲಿರಲಿಲ್ಲ ಅನ್ನೋಕಾಗುತ್ತಾ? ತೀರ್ಪು ಒಂದು ಸಲ ಬಿದ್ದರೆ ಆಮೇಲಿನದೆಲ್ಲ ಅದರ ಪ್ರಕಾರವೇ ನಡೆಯುತ್ತೆ. ತೀರ್ಪು ಬೇರೆಯಾಗಿದ್ದರೆ ಏನಾಗುತ್ತಿತ್ತು ಅನ್ನೋದಕ್ಕೆ ಆ ನಾಲ್ಕು ನಿಮಿಷದಲ್ಲಿ ಪುರಾವೆ ಸಿಗುವುದಿಲ್ಲ. ಸಿಗುತ್ತೆ ಅಂದುಕೊಂಡು ಹುಡುಕುವವರಿಗೆ ತಮಗೆ ಬೇಕಾದ್ದೇ ಸಿಗುತ್ತೆ. ನನಗೂ ಹಾಗೇ ಸಿಕ್ಕಿತ್ತು.

ಇನ್ನೊಂದು ವಿಷಯ ಸ್ಲೋ ಮೋಷನ್‌ದು. ಇದರ ಮೇಲೆ ನನಗೆ ಬರಬರುತ್ತಾ ಅಪನಂಬಿಕೆ ಜಾಸ್ತಿಯಾಗಿದೆ. ನಿಧಾನಕ್ಕೆ ತೋರಿಸಿದಾಗ ಗವಸು ಎಲ್ಲಿ ಮುಟ್ಟಿತು ಅಂತ ಕಾಣುತ್ತೆ, ಭಾರ ಎಲ್ಲಿಗೆ ಹೋಯ್ತು ಅಂತ ಕಾಣಲ್ಲ. ಫೋಟೋ ನಿಲ್ಲಿಸಿ ಕೆಂಪು ಗೆರೆ ಎಳೆದವರೆಲ್ಲ ಮುಟ್ಟಿದ ಜಾಗಕ್ಕೆ ತೀರ್ಪು ಕೊಟ್ಟರು. ಪಾಬೊನ್‌ಗೆ ಸಿಕ್ಕಿದ್ದು ಒಂದೇ ಕೋನ, ಒಂದೇ ಕ್ಷಣ, ಕಿವಿ ತುಂಬಾ ಹತ್ತಾರು ಸಾವಿರ ಜನರ ಕೂಗು. ಆ ಕೂಗು ಯಾರದ್ದು ಅನ್ನೋದೂ ಮುಖ್ಯ. ಯುದ್ಧದಿಂದ ಓಡಿ ಬಂದ ಉಕ್ರೇನಿಯನ್ನರಿಗೆ ಆಸರೆ ಕೊಟ್ಟ ದೇಶ ಪೋಲೆಂಡ್. ಆ ರಾತ್ರಿ ಸ್ಟೇಡಿಯಂ ಹೆಚ್ಚೂಕಮ್ಮಿ ಉಸಿಕ್‌ನ ಮನೆಯಾಗಿತ್ತು. ರೆಫ್ರಿ ಆ ಒತ್ತಡಕ್ಕೆ ಬಿದ್ದ ಅಂತ ನಾನು ಹೇಳುತ್ತಿಲ್ಲ. ಬೆಂಗಳೂರಿನ ರೂಮಿನಲ್ಲಿ ಕೂತ ನಾನು ಬಿದ್ದಿದ್ದೆ ಅಂತ ಮಾತ್ರ ಹೇಳಬಲ್ಲೆ.

ಹಾಗಾದರೆ ರೆಫ್ರಿಗಳಿಗೆಲ್ಲ ಮಾಫಿನಾ? ಇಲ್ಲ. ಅದಕ್ಕೆ 2011ರ ಒಂದು ಪಂದ್ಯ ನೋಡಬೇಕು. ನನ್ನ ಪ್ರಕಾರ ಈ ವಿಷಯದಲ್ಲಿ ಎಲ್ಲರೂ ಮೊದಲು ನೋಡಬೇಕಾದ್ದೇ ಅದು. ಆಗಸ್ಟ್ 13, ಲಾಸ್ ವೇಗಸ್. ಘಾನಾದ ಜೋಸೆಫ್ ಆಗ್ಬೆಕೊ ಐಬಿಎಫ್ ಬ್ಯಾಂಟಮ್‌ವೇಟ್ ಚಾಂಪಿಯನ್, ಎದುರಾಳಿ ಆಬ್ನರ್ ಮಾರೆಸ್, ರೆಫ್ರಿ ರಸೆಲ್ ಮೋರಾ. ಮಾರೆಸ್ ಸುತ್ತಿನ ಮೇಲೆ ಸುತ್ತು ಬೆಲ್ಟಿನ ಕೆಳಗೆ ಗುದ್ದುತ್ತಲೇ ಹೋದ. ಮೋರಾ ಎಚ್ಚರಿಸುತ್ತಲೇ ಹೋದ. ಒಂದು ಅಂಕವನ್ನೂ ಕಡಿಯಲಿಲ್ಲ. ಹನ್ನೊಂದನೇ ಸುತ್ತಿನಲ್ಲಿ ಬಿದ್ದ ಗುದ್ದಿನ ಬಗ್ಗೆ ಚರ್ಚೆಗೇ ಜಾಗವಿಲ್ಲ. ಪಟ್ಟಿಗಿಂತ ಎಷ್ಟೋ ಕೆಳಗೆ, ಯಾವ ಕೋನದಿಂದ ನೋಡಿದರೂ ಕೆಳಗೆ. ಆಗ್ಬೆಕೊ ನೋವಿನಿಂದ ಮಂಡಿಯೂರಿದ. ಮೋರಾ ಅವನ ಮುಂದೆ ನಿಂತು ಎಣಿಸತೊಡಗಿದ.

ಪಂದ್ಯ ಮುಗಿದಾಗ ಅಂಕ 113-113, 115-111, 115-111. ಮಾರೆಸ್ ಗೆದ್ದ. ಈ ಅಂಕಗಳನ್ನು ಸ್ವಲ್ಪ ಕೂಡಿ ನೋಡಿ. ಒಂದು ಸುತ್ತು ಸಾಮಾನ್ಯವಾಗಿ 10-9, ಅಂದರೆ ಒಟ್ಟು 19. ಹನ್ನೆರಡು ಸುತ್ತಿಗೆ 228. ಇಲ್ಲಿ ಮೂರೂ ಜಡ್ಜ್‌ಗಳ ಮೊತ್ತ 226. ಕಾಣೆಯಾದ ಆ ಎರಡು ಅಂಕಗಳೇ ಆಗ್ಬೆಕೊ ಎರಡು ಸಲ 'ಬಿದ್ದ' ಅನ್ನೋದರ ಲೆಕ್ಕ. ಒಂದು ಹನ್ನೊಂದನೇ ಸುತ್ತಿನದು. ಇನ್ನೊಂದು ಮೊದಲನೇ ಸುತ್ತಿನದು, ಅದೂ ಕಾಲು ಜಾರಿದ್ದು ಅಂತ ತುಂಬಾ ಜನರ ಅಭಿಪ್ರಾಯ. ಈಗ ಮೊದಲ ಸುತ್ತನ್ನು 10-9 ಮಾಡಿ. ಹನ್ನೊಂದನೆಯದರಲ್ಲಿ ಮಾರೆಸ್‌ನ ಒಂದು ಅಂಕ ಕಡಿದು 9-10 ಮಾಡಿ. ಎರಡು ಕಾರ್ಡ್‌ಗಳು 114-114ಕ್ಕೆ ಬಂದು ನಿಲ್ಲುತ್ತವೆ, ಮೂರನೆಯದು ಆಗ್ಬೆಕೊ ಕಡೆ 116-112. ಇಬ್ಬರು ಜಡ್ಜ್‌ಗಳಲ್ಲಿ ಡ್ರಾ ಅಂದರೆ ಪಂದ್ಯ ಡ್ರಾ, ಬೆಲ್ಟ್ ಚಾಂಪಿಯನ್ ಹತ್ತಿರವೇ. ಇದು ನನ್ನ ಕಾಗದದ ಮೇಲಿನ ಆಟ, ಒಪ್ಪುತ್ತೇನೆ. ಇಲ್ಲೂ ತೀರ್ಪು ಬದಲಾದರೆ ಮುಂದಿನದು ಬದಲಾಗುತ್ತಿತ್ತು. ಆದರೆ ಒಬ್ಬ ಮನುಷ್ಯನ ಎಣಿಕೆ ಎಷ್ಟು ತೂಗುತ್ತೆ ಅನ್ನೋದು ಗೊತ್ತಾಗೋಕೆ ಇಷ್ಟು ಸಾಕು.

ಮೋರಾನ ತಪ್ಪು ಹನ್ನೊಂದನೇ ಸುತ್ತಿನದಲ್ಲ ಅಂತ ನನ್ನ ವಾದ. ಆ ಒಂದು ಗುದ್ದು ಕಾಣದೇ ಹೋಗಿರಬಹುದು, ಕಣ್ಣಿಗೆ ಭುಜವೋ ಮೊಣಕೈಯೋ ಅಡ್ಡ ಬಂದಿರಬಹುದು. ತಪ್ಪು ಶುರುವಾದದ್ದು ಎಚ್ಚರಿಕೆಗೆ ಬೆಲೆ ಇಲ್ಲದ ಹಾಗೆ ಮಾಡಿದಾಗ. ಐದು ಸಲ "ಮೇಲೆ ಹೊಡಿ" ಅಂದು ಆರನೇ ಸಲವೂ ಅದನ್ನೇ ಅಂದರೆ ಅದು ನಿಯಮವಲ್ಲ, ಹಿನ್ನೆಲೆ ಸಂಗೀತ. ಮಾರೆಸ್ ಬುದ್ಧಿವಂತ, ಅವನಿಗೆ ಎರಡೇ ಸುತ್ತಿನಲ್ಲಿ ಅದು ಅರ್ಥವಾಗಿತ್ತು. ಐಬಿಎಫ್ ತಕ್ಷಣ ಮರುಪಂದ್ಯ ಮಾಡಿ ಅಂತ ಹೇಳಿತು. ಡಿಸೆಂಬರ್ 3ರಂದು ಆನಹೈಮ್‌ನಲ್ಲಿ ಮಾರೆಸ್ ಮೂವರೂ ಜಡ್ಜ್‌ಗಳ ಕಾರ್ಡಿನಲ್ಲಿ 118-110 ಅಂತ ಸಲೀಸಾಗಿ ಗೆದ್ದ. "ನೋಡಿದ್ಯಾ, ಅವನೇ ಒಳ್ಳೆ ಆಟಗಾರ, ಅವತ್ತೂ ಅವನೇ ಗೆಲ್ತಿದ್ದ" ಅಂತ ವಾದಿಸುವವರಿದ್ದಾರೆ. ಇದು ಮತ್ತದೇ ಬಸ್ ಸ್ಟ್ಯಾಂಡಿನ ತರ್ಕ. ಆಗಸ್ಟ್‌ನ ಸಾಲವನ್ನು ಡಿಸೆಂಬರ್‌ನ ಸಂಬಳದಲ್ಲಿ ತೀರಿಸಬಹುದು. ಅದರಿಂದ ಆಗಸ್ಟ್‌ನಲ್ಲಿ ಸಾಲವೇ ಇರಲಿಲ್ಲ ಅಂತಾಗಲ್ಲ.

ಬಿದ್ದವನ ಮೇಲೆ ನಮಗೆ ಅನುಮಾನ ಬರುತ್ತಲ್ಲ, "ನಾಟಕ ಮಾಡ್ತಿದಾನೆ" ಅಂತ, ಅದಕ್ಕೊಂದು ಹಳೇ ಕಥೆಯಿದೆ. 1930ರ ಜೂನ್ 12, ನ್ಯೂಯಾರ್ಕ್‌ನ ಯಾಂಕೀ ಸ್ಟೇಡಿಯಂ. ಜಾಕ್ ಶಾರ್ಕಿ ನಾಲ್ಕನೇ ಸುತ್ತಿನಲ್ಲಿ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್‌ಗೆ ಕೆಳಗೆ ಗುದ್ದಿದ. ಶ್ಮೆಲಿಂಗ್ ಬಿದ್ದ, ಅವನ ಮ್ಯಾನೇಜರ್ ಜೋ ಜೇಕಬ್ಸ್ ರಿಂಗಿಗೇ ನುಗ್ಗಿ ಫೌಲ್ ಫೌಲ್ ಅಂತ ಅರಚಿದ. ಗೊಂದಲದ ನಂತರ ಶಾರ್ಕಿಯನ್ನು ಅನರ್ಹಗೊಳಿಸಿದರು. ಹೆವಿವೇಟ್ ಪಟ್ಟವನ್ನು ನೆಲದ ಮೇಲೆ ಕೂತು ಗೆದ್ದವನು ಶ್ಮೆಲಿಂಗ್ ಒಬ್ಬನೇ. ಇದರಿಂದ ಎಲ್ಲರಿಗೂ ಎಷ್ಟು ಮುಜುಗರವಾಯ್ತೆಂದರೆ, ನ್ಯೂಯಾರ್ಕ್‌ನವರು ನಿಯಮವನ್ನೇ ತಿದ್ದಿದರು. ಗಟ್ಟಿ ರಕ್ಷಾಕವಚ ಹಾಕಿಕೊಂಡು ಆಡಿ, ಕೆಳಗೆ ಬಿತ್ತು ಅಂತ ಬಿದ್ದು ಗೆಲ್ಲೋ ಹಾಗಿಲ್ಲ, ಅನ್ನುವ ಕಡೆಗೆ. ಇವತ್ತಿನ ಅಮೆರಿಕದ ಏಕರೂಪ ನಿಯಮಗಳಲ್ಲೂ ಆ ವಾಸನೆ ಉಳಿದಿದೆ. ತಲೆಗೆ ತಲೆ ಬಡಿದು ಆಟ ನಿಂತರೆ ಅಂಕ ಎಣಿಸಿ ತೀರ್ಪು ಕೊಡಬಹುದು. ಅಚಾನಕ್ಕಾಗಿ ಕೆಳಗೆ ಗುದ್ದು ಬಿದ್ದು ಐದು ನಿಮಿಷದಲ್ಲಿ ಏಳದಿದ್ದರೆ, ಗುದ್ದು ತಿಂದವನೇ ಸೋತ ಹಾಗೆ! ನೋವಾದವನು ಮೊದಲು ತನ್ನ ನೋವನ್ನು ಸಾಬೀತು ಮಾಡಬೇಕು. ಉಸಿಕ್ ನಾಲ್ಕು ನಿಮಿಷ ತಗೊಂಡ ಅಂತ ಬೈಯುವವರು ಇದನ್ನು ಮರೆಯುತ್ತಾರೆ. ಅವನ ಎದುರಿಗೂ ಒಂದು ಗಡಿಯಾರ ಓಡುತ್ತಿತ್ತು.

ಇಷ್ಟೆಲ್ಲ ನ್ಯಾಯ ಮಾತಾಡುವ ನಾನು ಎಂಥವನು ಅಂತಲೂ ಹೇಳಿಬಿಡಬೇಕು. 2008ರ ಜನವರಿ, ಸಿಡ್ನಿ ಟೆಸ್ಟ್. ಕುಂಬ್ಳೆ ಕ್ಯಾಪ್ಟನ್. ಕೊನೆಯ ದಿನ ದ್ರಾವಿಡ್ ಬ್ಯಾಟನ್ನು ಪ್ಯಾಡಿನ ಹಿಂದೆ ಅಡಗಿಸಿಟ್ಟಿದ್ದರೂ, ಪ್ಯಾಡಿಗೆ ಬಡಿದ ಚೆಂಡಿಗೆ ಸ್ಟೀವ್ ಬಕ್ನರ್ ಬೆರಳೆತ್ತಿದರು. ನಮ್ಮ ಮನೆಯಲ್ಲಿ ಅವತ್ತು ಊಟದ ಹೊತ್ತಿಗೂ ಯಾರೂ ಸರಿಯಾಗಿ ಮಾತಾಡಿರಲಿಲ್ಲ. ಅಂಪೈರನ್ನು ನಾನು ಏನೇನು ಬೈದೆನೋ ಬರೆಯುವಂತಿಲ್ಲ. ಅದಾದ ಎಷ್ಟೋ ವರ್ಷ, ಡಿಆರ್‌ಎಸ್ ಬೇಡ ಅಂತ ಹಟ ಹಿಡಿದ ದೇಶವೂ ನಮ್ಮದೇ, ಅದನ್ನು ಸಮರ್ಥಿಸಿ ಕ್ಯಾಂಟೀನಿನಲ್ಲಿ ಗಂಟಲು ಹರಿದುಕೊಂಡವನೂ ನಾನೇ.

ಆಮೇಲೆ ಆಫೀಸಿನ ಟೂರ್ನಿಯೊಂದರಲ್ಲಿ ಒಂದು ಸಲ ನನ್ನನ್ನೇ ಅಂಪೈರ್ ಮಾಡಿದರು. ಟೆನಿಸ್ ಬಾಲು, ಹತ್ತು ಓವರ್. ನಮ್ಮ ಟೀಮಿನ ಹಿರಿಯರೊಬ್ಬರು ಚೆನ್ನಾಗಿ ಆಡುತ್ತಿದ್ದರು. ಏನೋ ಟಕ್ ಅಂತ ಸದ್ದಾಯ್ತು, ಕೀಪರ್ ಹಾರಿದ, ಎಲ್ಲರೂ ಕೂಗಿದರು, ನನ್ನ ಬೆರಳು ಮೇಲೆ ಹೋಯ್ತು. ಬೆರಳು ಮೇಲೆ ಹೋಗುತ್ತಿರುವಾಗಲೇ ಗೊತ್ತಾಯ್ತು, ಅದು ಶೂಗೆ ತಗುಲಿದ ಬ್ಯಾಟಿನ ಸದ್ದು. ಕೈ ಇಳಿಸಿ "ಸಾರಿ ಸರ್, ತಪ್ಪಾಯ್ತು" ಅನ್ನೋಕೆ ಎರಡು ಸೆಕೆಂಡ್ ಸಾಕಿತ್ತು. ಅನ್ನಲಿಲ್ಲ. ಅವರು ನನ್ನನ್ನು ನೋಡುತ್ತಾ ಹೊರಗೆ ನಡೆದರು. ಸಂಜೆ ಪಾರ್ಕಿಂಗ್‌ನಲ್ಲಿ ಸಿಕ್ಕಾಗಲೂ "ಏನಪ್ಪಾ, ಮನೆಗಾ?" ಅಂದರೇ ಹೊರತು ಆ ಬಾಲಿನ ಸುದ್ದಿ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಪಂದ್ಯ ಮುಗಿದ ಕೂಡಲೇ ಮೋರಾಗೆ ಟಿವಿಯವರು ರೀಪ್ಲೇ ತೋರಿಸಿ ಪ್ರಶ್ನೆ ಕೇಳಿದ ವಿಡಿಯೋವನ್ನು ನನಗೆ ಅಂದಿನಿಂದ ಪೂರ್ತಿ ನೋಡೋಕಾಗಿಲ್ಲ.

ಉಸಿಕ್, ಡುಬ್ವಾ 2025ರ ಜುಲೈ 19ರಂದು ಲಂಡನ್ನಿನ ವೆಂಬ್ಲಿಯಲ್ಲಿ ಮತ್ತೆ ಎದುರಾದರು. ಅಷ್ಟರಲ್ಲಿ ರೂಮ್‌ಮೇಟ್ ಪುಣೆಗೆ ಹೋಗಿದ್ದ, ಹಾಗಾಗಿ ಇಬ್ಬರೂ ಅವರವರ ಮನೆಯಲ್ಲಿ ನೋಡಿದೆವು. ಮತ್ತದೇ ಐದನೇ ಸುತ್ತು. ಉಸಿಕ್‌ನ ಎಡಗೈ ತಲೆಗೆ ಬಿತ್ತು, ಡುಬ್ವಾ ಏಳಲಿಲ್ಲ, ಈ ಸಲ ಎಣಿಕೆ ಹತ್ತಕ್ಕೆ ಮುಟ್ಟಿತು. ಒಂದು ನಿಮಿಷದೊಳಗೆ ಪುಣೆಯಿಂದ ಮೆಸೇಜ್ ಬಂತು: "ಇದು ಹೊಕ್ಕುಳಿನ ಮೇಲೇ ಇತ್ತು, ಒಪ್ಕೋತೀನಿ. ಆದ್ರೆ ಅವತ್ತಿಂದು?"

"ಅವತ್ತಿಂದು ಗೆರೆ ಮೇಲೆ ಮಗಾ" ಅಂತ ಟೈಪ್ ಮಾಡಿದೆ. ಮೇಲೆ ಅಂದರೆ ಗೆರೆಯ ಮೇಲ್ಗಡೆಯೋ, ಗೆರೆಗೆ ಸರಿಯಾಗಿಯೋ ಅಂತ ಅವನು ಇನ್ನೂ ಕೇಳುತ್ತಿದ್ದಾನೆ.