ಪ್ರಮಾಣಪತ್ರದ ನಂತರದ ಎರಡು ವರ್ಷ

ಚಿತ್ರದುರ್ಗದ ನೆಲದಿಂದ ಕಬ್ಬಿಣದ ಅದಿರು ಲಾರಿ ಏರಿ ಹೋಗುತ್ತದೆ. ಗುಡ್ಡಗಳ ಮೇಲಿನ ಗಾಳಿ ವಿದ್ಯುತ್ತಾಗಿ ತಂತಿ ಹಿಡಿದು ಹೋಗುತ್ತದೆ. ಪಿಯುಸಿ, ಐಟಿಐ ಮುಗಿಸಿದ ಹುಡುಗ ಹುಡುಗಿಯರು ಹಿರಿಯೂರಿನಲ್ಲಿ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಇಷ್ಟೆಲ್ಲ ಹೊರಗೆ ಹೋಗುವ ಜಿಲ್ಲೆಗೆ ಕಂಪನಿಗಳ ಕಡೆಯಿಂದ ಮರಳಿ ಬರುವುದರ ಹೆಸರು ಸಿಎಸ್‌ಆರ್, ಅಂದರೆ ಕಾರ್ಪೊರೇಟ್ ಸಾಮಾಜಿಕ ಹೊಣೆಗಾರಿಕೆ. ಹಳ್ಳಿಯ ಕಡೆ ಇದು ಶಾಲೆಯ ಗೋಡೆಗೆ ಬಳಿದ ಬಣ್ಣವಾಗಿ, ಶುದ್ಧ ನೀರಿನ ಘಟಕವಾಗಿ, ಸಮುದಾಯ ಭವನದಲ್ಲಿ ನಡೆಯುವ ಹೊಲಿಗೆ ತರಬೇತಿಯಾಗಿ, ಮಕ್ಕಳ ಬೆನ್ನಿಗೆ ಬಂದ ಹೊಸ ಬ್ಯಾಗಾಗಿ ಪರಿಚಿತ. ಈ ಕೆಲಸಗಳನ್ನು ಹೊಗಳಿ ಬರೆದ ವರದಿಗಳು ಸಾಕಷ್ಟಿವೆ. ಯುವಜನರ ಓದು ಮತ್ತು ದುಡಿಮೆಯ ಹೆಸರಿನಲ್ಲಿ ನಡೆಯುವ ಕಾರ್ಯಕ್ರಮಗಳು ಎಷ್ಟರಮಟ್ಟಿಗೆ ಗುರಿ ಮುಟ್ಟುತ್ತಿವೆ ಎಂದು ಕೂಲಂಕಷವಾಗಿ ನೋಡಿದ ಬರಹಗಳು ಕಡಿಮೆ.

ಕಾನೂನಿನಿಂದ ಶುರು ಮಾಡೋಣ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದಿದ್ದರೂ ಆ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಶಿಕ್ಷಣ, ಉದ್ಯೋಗ ಕೊಡಿಸಬಲ್ಲ ಕೌಶಲ್ಯ ಮತ್ತು ಜೀವನೋಪಾಯ ಮೂರೂ ಇವೆ. ದೇಶದಲ್ಲಿ ಹೀಗೆ ಖರ್ಚಾದ ಮೊತ್ತ 2014-15ರಲ್ಲಿ ಸುಮಾರು 10 ಸಾವಿರ ಕೋಟಿ ಇತ್ತು. 2022-23ರ ಹೊತ್ತಿಗೆ ಸುಮಾರು 30 ಸಾವಿರ ಕೋಟಿಗೆ ಏರಿತು. ಅದರಲ್ಲಿ ದೊಡ್ಡದೊಂದು ಪಾಲು ಪ್ರತಿ ವರ್ಷವೂ ಶಿಕ್ಷಣದ ಲೆಕ್ಕಕ್ಕೆ ಹೋಗುತ್ತದೆ. ಹಾಗಾಗಿ ಹಣವೇ ಇಲ್ಲ ಎನ್ನುವಂತಿಲ್ಲ. ಆ ಹಣ ಹೊಸದುರ್ಗದ, ಹೊಳಲ್ಕೆರೆಯ ಹಳ್ಳಿಗೆ ಯಾವ ರೂಪದಲ್ಲಿ ಬಂದು ಮುಟ್ಟುತ್ತದೆ, ಬಂದದ್ದು ಎಷ್ಟು ದಿನ ನಿಲ್ಲುತ್ತದೆ ಎಂಬುದನ್ನು ನೋಡಬೇಕು.

ಹೊಸದುರ್ಗ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯ ಕಂಪ್ಯೂಟರ್ ಕೊಠಡಿಯನ್ನು ಉದಾಹರಣೆಗೆ ತೆಗೆದುಕೊಳ್ಳಿ. ಬಾಗಿಲ ಮೇಲೆ ದಾನಿಯ ಹೆಸರಿನ ಫಲಕವಿದೆ. ಒಳಗೆ ಯಂತ್ರಗಳಿಗೆಲ್ಲ ಬಟ್ಟೆಯ ಹೊದಿಕೆ ಹೊಲಿಸಿ ಹಾಕಿದ್ದಾರೆ. ಶಿಕ್ಷಕರಿಗೆ ಅವುಗಳ ಮೇಲೆ ಅಷ್ಟು ಕಾಳಜಿ. ಯುಪಿಎಸ್‌ನ ಬ್ಯಾಟರಿ ಸತ್ತಿದೆ. ಕೊಟ್ಟವರು ಒಂದು ವರ್ಷಕ್ಕೆ ಒಬ್ಬ ಬೋಧಕರನ್ನು ಗೊತ್ತುಮಾಡಿದ್ದರು, ವರ್ಷ ಮುಗಿಯಿತು, ಅವರು ಹೋದರು. ಬ್ಯಾಟರಿಯ ಖರ್ಚು ಶಾಲೆಯ ಅನುದಾನದಲ್ಲೂ ಇಲ್ಲ, ಕಂಪನಿಯ ಹೊಸ ವರ್ಷದ ಬಜೆಟ್ಟಿನಲ್ಲೂ ಇಲ್ಲ. ಇರುವುದರಲ್ಲಿ ನಡೆಯುವ ಒಂದೇ ಒಂದು ಯಂತ್ರದಲ್ಲಿ ಮುಖ್ಯ ಶಿಕ್ಷಕರು ಮಕ್ಕಳ ದಾಖಲಾತಿಯ ವಿವರ ತುಂಬುತ್ತಾರೆ. ಕಂಪನಿಯ ವಾರ್ಷಿಕ ವರದಿಯ ಲೆಕ್ಕದಲ್ಲಿ ಇಂಥ ಕೊಠಡಿ ಪೂರ್ಣಗೊಂಡ ಯೋಜನೆ. ಫಲಾನುಭವಿಗಳ ಅಂಕಣದಲ್ಲಿ ಇಡೀ ಶಾಲೆಯ ಮಕ್ಕಳ ಸಂಖ್ಯೆ ಇರುತ್ತದೆ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ, ಯಾರೂ ಹಣ ನುಂಗಿಲ್ಲ. ಆದರೂ ಈಗ ಮಕ್ಕಳು ಏನೂ ಕಲಿಯುತ್ತಿಲ್ಲ. ಲೆಕ್ಕ ಹಿಡಿಯುವ ಕ್ರಮದಲ್ಲೇ ತಪ್ಪಿದೆ ಎಂದು ನಾನು ಹೇಳುವುದು ಇದಕ್ಕೇ.

ಲೆಕ್ಕಗಳನ್ನು ನಂಬಿ ಕೂರುವುದರ ಅಪಾಯವನ್ನು ಈ ಜಿಲ್ಲೆ ಇನ್ನೊಂದು ಕಡೆಯಿಂದ ಕಲಿತಿದೆ. 2023ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಚಿತ್ರದುರ್ಗ ಶೇ 96.8ರೊಂದಿಗೆ ರಾಜ್ಯಕ್ಕೇ ಮೊದಲನೆಯದಾಗಿತ್ತು. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಜಿಲ್ಲೆ ಇಪ್ಪತ್ತನೇ ಸ್ಥಾನದ ಆಚೆಗೆ ಜಾರಿತು. ಒಂದೇ ವರ್ಷದಲ್ಲಿ ನಮ್ಮ ಮಕ್ಕಳು ದಡ್ಡರಾಗಲಿಲ್ಲ, ಹಿಂದಿನ ವರ್ಷ ಎಲ್ಲರಿಗಿಂತ ಜಾಣರಾಗಿಯೂ ಇರಲಿಲ್ಲ. ದೇಶದ ಗ್ರಾಮೀಣ ಭಾಗದ 14ರಿಂದ 18 ವಯಸ್ಸಿನವರನ್ನು ಕುರಿತ 2023ರ ಅಸರ್ ಸಮೀಕ್ಷೆಯೂ ಇದೇ ದಿಕ್ಕಿಗೆ ಬೆರಳು ತೋರಿಸುತ್ತದೆ. ಆ ವಯಸ್ಸಿನ ಸುಮಾರು ಕಾಲು ಭಾಗ ಮಕ್ಕಳಿಗೆ ತಮ್ಮ ಭಾಷೆಯಲ್ಲಿ ಎರಡನೇ ತರಗತಿಯ ಪಾಠವನ್ನು ಸರಾಗವಾಗಿ ಓದಲು ಬರುವುದಿಲ್ಲ. ವೃತ್ತಿ ತರಬೇತಿ ಪಡೆಯುತ್ತಿರುವವರು ಶೇ 6ರಷ್ಟೂ ಇಲ್ಲ. ಓದಲು ತಡವರಿಸುವ ಹುಡುಗನಿಗೆ ಸ್ಮಾರ್ಟ್ ಕ್ಲಾಸ್ ಪರದೆ ಕೊಟ್ಟರೆ ಅವನ ತೊದಲು ಹೋಗುವುದಿಲ್ಲ. ಅವನ ಪಕ್ಕದಲ್ಲಿ ವರ್ಷಗಟ್ಟಲೆ ಕೂತು ಓದಿಸುವವರು ಬೇಕು. ಅಂಥವರ ಸಂಬಳಕ್ಕೆ ಸಿಎಸ್‌ಆರ್ ಹಣ ಸುಲಭವಾಗಿ ಸಿಗುವುದಿಲ್ಲ, ಕಟ್ಟಡಕ್ಕೆ ಸಿಗುತ್ತದೆ. ಕಟ್ಟಡದ ಫೋಟೊ ತೆಗೆಯಬಹುದು.

ಇದಕ್ಕಿಂತ ಚೆನ್ನಾಗಿ ಮಾಡಲು ಸಾಧ್ಯವೇ ಎಂದು ಕೇಳುವವರು ದೂರ ಹೋಗಬೇಕಿಲ್ಲ. ಚಿತ್ರದುರ್ಗದಲ್ಲೇ ರುಡ್‌ಸೆಟ್ ಸಂಸ್ಥೆಯ ಕೇಂದ್ರವಿದೆ. ಸಿಎಸ್‌ಆರ್ ಕಾಯ್ದೆ ಬರುವುದಕ್ಕೆ ಮೂರು ದಶಕ ಮೊದಲು, 1982ರಲ್ಲಿ, ಧರ್ಮಸ್ಥಳದ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಒಟ್ಟುಗೂಡಿ ಉಜಿರೆಯಲ್ಲಿ ಇದನ್ನು ಆರಂಭಿಸಿದವು. ಹಳ್ಳಿಯ ನಿರುದ್ಯೋಗಿಗಳಿಗೆ ಊಟ, ವಸತಿ ಕೊಟ್ಟು ಉಚಿತವಾಗಿ ಕಸುಬು ಕಲಿಸುವುದು ಅದರ ಕೆಲಸ. ಕೋರ್ಸುಗಳು ಕೆಲವೇ ವಾರಗಳವು. ಅಷ್ಟಕ್ಕೇ ನಿಂತಿದ್ದರೆ ಅದೂ ನೂರಾರು ತರಬೇತಿ ಕೇಂದ್ರಗಳಲ್ಲಿ ಒಂದಾಗಿರುತ್ತಿತ್ತು. ಅದರ ಜೀವ ಇರುವುದು ತರಬೇತಿ ಮುಗಿದ ಮೇಲೆ. ಕಲಿತು ಹೋದವರ ಬೆನ್ನು ಹಿಡಿದು ಎರಡು ವರ್ಷ ವಿಚಾರಿಸುತ್ತಾರೆ: ಅಂಗಡಿ ಇಟ್ಟೆಯಾ, ಸಾಲ ಸಿಕ್ಕಿತಾ, ಎಲ್ಲಿ ತೊಡಕಾಯಿತು. ಕೇಂದ್ರದ ಮುಖ್ಯಸ್ಥರು ಬ್ಯಾಂಕಿನಿಂದಲೇ ಬಂದ ಅಧಿಕಾರಿ ಆಗಿರುವುದರಿಂದ ಸಾಲದ ಬಾಗಿಲು ಎಲ್ಲಿದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಕೇಂದ್ರ ಸರ್ಕಾರ ಇದೇ ಮಾದರಿಯನ್ನು ಹಿಡಿದು 2009ರಿಂದ ಜಿಲ್ಲೆಗೊಂದು ಇಂಥ ಸಂಸ್ಥೆ ತೆರೆಯುವ ಯೋಜನೆ ಮಾಡಿತು.

ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಕಲಿತ ಹುಡುಗನ ಕಷ್ಟ ಏನೆಂದು ನೋಡಿದರೆ ಆ ಎರಡು ವರ್ಷದ ಬೆಲೆ ತಿಳಿಯುತ್ತದೆ. ಶ್ರೀರಾಂಪುರ, ಮತ್ತೋಡಿನ ಕಡೆ ತೆಂಗು, ದಾಳಿಂಬೆ ತೋಟಗಳು ಕೊಳವೆಬಾವಿಯನ್ನೇ ನೆಚ್ಚಿವೆ. ಬೇಸಗೆಯಲ್ಲಿ ವೋಲ್ಟೇಜ್ ಕುಸಿದಾಗ ಮೋಟಾರ್ ಸುಡುತ್ತದೆ. ಹಾಗಾಗಿ ಕೆಲಸಕ್ಕೆ ಬರವಿಲ್ಲ. ತಾಮ್ರದ ತಂತಿ ಸುತ್ತುವುದನ್ನು ಅವನು ಕೆಲವೇ ವಾರಗಳಲ್ಲಿ ಕಲಿತುಬಿಡಬಲ್ಲ. ಆಮೇಲೆ ತಂತಿ ಕೊಳ್ಳಲು ಬಂಡವಾಳ ಬೇಕು. ರೈತರು ಕೊಬ್ಬರಿ ಮಾರಿದ ಮೇಲೆ ದುಡ್ಡು ಕೊಡುತ್ತೇನೆ ಎಂದು ಉದ್ರಿ ಹೇಳುತ್ತಾರೆ. ಅವನು ಸುತ್ತಿದ ಮೊದಲ ಮೋಟಾರ್ ವಾರದಲ್ಲೇ ಮತ್ತೆ ಸುಟ್ಟರೆ ಊರಲ್ಲಿ ಹೆಸರು ಕೆಡುತ್ತದೆ. ಆ ಹೊತ್ತಿನಲ್ಲಿ ಯಾರಾದರೂ ಬಂದು, ವಾರ್ನಿಷ್ ಸರಿಯಾಗಿ ಒಣಗಿಸಿಲ್ಲ ನೋಡು ಎಂದು ತೋರಿಸಿಕೊಟ್ಟರೆ ಅಂಗಡಿ ಉಳಿಯುತ್ತದೆ. ಇಲ್ಲದಿದ್ದರೆ ಅವನು ಶಟರ್ ಎಳೆದು ಬೆಂಗಳೂರಿನ ಪೀಣ್ಯಕ್ಕೆ ಹೋಗುತ್ತಾನೆ.

ರುಡ್‌ಸೆಟ್ ಮಾದರಿಗೂ ಮಿತಿಗಳಿವೆ. ಒಂದೇ ಹೋಬಳಿಯಲ್ಲಿ ಹೊಲಿಗೆ, ಬ್ಯೂಟಿ ಪಾರ್ಲರ್ ಕಲಿತವರು ಹೆಚ್ಚಾದರೆ ಯಾರಿಗೂ ಸಾಕಷ್ಟು ಗಿರಾಕಿ ಸಿಗುವುದಿಲ್ಲ. ಎಲ್ಲರೂ ಸ್ವಂತ ಅಂಗಡಿ ನಡೆಸುವ ಸ್ವಭಾವದವರೂ ಅಲ್ಲ. ತಿಂಗಳ ಸಂಬಳದ ಕೆಲಸ ಬಯಸುವ ಮಕ್ಕಳೇ ಹೆಚ್ಚು. ಅಂಥವರಿಗೆ ಬಿಡದಿಯಲ್ಲಿ ಟೊಯೊಟಾ 2007ರಲ್ಲಿ ತೆರೆದ ತಾಂತ್ರಿಕ ತರಬೇತಿ ಸಂಸ್ಥೆಯ ದಾರಿ ಹೆಚ್ಚು ಹೊಂದುತ್ತದೆ. ಎಸ್ಸೆಸ್ಸೆಲ್ಸಿ ಮುಗಿಸಿದ ಗ್ರಾಮೀಣ ಬಡ ಮಕ್ಕಳನ್ನು ತೆಗೆದುಕೊಂಡು ಮೂರು ವರ್ಷ ಇಟ್ಟುಕೊಂಡು ಕಲಿಸುವುದು ಅದರ ಕ್ರಮ. ಎರಡೂ ಮಾದರಿಗಳಲ್ಲಿ ನಾನು ಮೆಚ್ಚುವುದು ಮಗುವನ್ನು ಬೇಗ ಕೈಬಿಡದ ಗುಣವನ್ನು.

ಈ ಗುಣ ಉಳಿದ ಕಂಪನಿಗಳಲ್ಲಿ ಯಾಕಿಲ್ಲ ಎಂದರೆ ಹಣಕಾಸು ವರ್ಷದ ಕಡೆ ಕೈ ತೋರಿಸುತ್ತಾರೆ. ಮಾರ್ಚ್ 31ರೊಳಗೆ ಖರ್ಚಾಗಬೇಕು, ಆದ್ದರಿಂದ ಸಂಸ್ಥೆಗಳೊಂದಿಗೆ ಒಂದೊಂದು ವರ್ಷದ ಒಪ್ಪಂದ. ಈ ನೆಪ ಈಗ ನಿಲ್ಲುವುದಿಲ್ಲ. 2021ರ ತಿದ್ದುಪಡಿಯ ಪ್ರಕಾರ ಮುಂದುವರಿಯುವ ಯೋಜನೆಯೆಂದು ಘೋಷಿಸಿದರೆ ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ನಡೆಸಬಹುದು. ಉಳಿದ ಹಣವನ್ನು ಪ್ರತ್ಯೇಕ ಖಾತೆಯಲ್ಲಿಡಬಹುದು. ಎಂಟನೇ ತರಗತಿಗೆ ಬಂದ ಹುಡುಗಿಯನ್ನು ಕೈಹಿಡಿದು ಪಿಯುಸಿವರೆಗೆ ನಡೆಸುವಷ್ಟು ಕಾಲ ಅದು. ಕಾನೂನು ಕೊಟ್ಟ ಅವಕಾಶವನ್ನು ಬಳಸದೆ ವರ್ಷಕ್ಕೊಂದು ಊರು, ವರ್ಷಕ್ಕೊಂದು ಸಂಸ್ಥೆ ಬದಲಿಸುವುದು ಕಂಪನಿಗಳ ಆಯ್ಕೆ.

ಇನ್ನು ಸ್ಥಳೀಯತೆಯ ಮಾತು. ಕಂಪನಿ ತಾನು ಕೆಲಸ ಮಾಡುವ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಎಂದು ಕಾಯ್ದೆ ಹೇಳುತ್ತದೆ, ಆದರೆ ಆ ಮಾತಿಗೆ ದಂಡದ ಬಲವಿಲ್ಲ. ಮೇಗಳಹಳ್ಳಿ, ಭೀಮಸಮುದ್ರ, ಹಿರೇಕಂದವಾಡಿಯ ಸುತ್ತಿನ ಗಣಿ ಪ್ರದೇಶಕ್ಕೆ ಇನ್ನೊಂದು ಆಸರೆ ಇದೆ: 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನ. ಹಳೆಯ ಗುತ್ತಿಗೆದಾರರು ರಾಜಧನದ ಶೇ 30ರಷ್ಟು, ಹರಾಜಿನಲ್ಲಿ ಗುತ್ತಿಗೆ ಪಡೆದವರು ಶೇ 10ರಷ್ಟು ಹಣವನ್ನು ಅದಕ್ಕೆ ಕಟ್ಟಬೇಕು. ಶಿಕ್ಷಣ, ಕೌಶಲ್ಯ ಎರಡೂ ಅದರ ಆದ್ಯತೆಯ ಪಟ್ಟಿಯಲ್ಲಿವೆ. ಆದರೆ ಗಾಳಿಗೆ ಇಂಥ ನಿಧಿಯಿಲ್ಲ. ಗಾಳಿಯಂತ್ರಗಳು ಹಲವು ಕಡೆ ಪ್ರತ್ಯೇಕ ಸಣ್ಣ ಕಂಪನಿಗಳ ಹೆಸರಿನಲ್ಲಿರುತ್ತವೆ. ಬಡ್ಡಿ, ಸವಕಳಿ ಕಳೆದ ಮೇಲೆ ಲಾಭವೇ ಕಾಣದಿದ್ದರೆ ಶೇ 2ರ ಲೆಕ್ಕ ಸೊನ್ನೆಗೆ ಬಂದು ನಿಲ್ಲುತ್ತದೆ. ಜೋಗಿಮಟ್ಟಿಯ ಸಾಲಿನಿಂದ ಹೊಸದುರ್ಗದ ಗುಡ್ಡಗಳವರೆಗೆ ರೆಕ್ಕೆ ತಿರುಗುತ್ತಿದ್ದರೂ ಕೆಳಗಿನ ಊರಿಗೆ ಕಾನೂನಿನ ಪ್ರಕಾರ ಬರಬೇಕಾದ್ದು ಏನೂ ಇಲ್ಲದಿರಬಹುದು.

ಆ ಊರಿನ ಹುಡುಗರಿಗೆ ಗಾಳಿಯಂತ್ರದಲ್ಲಿ ಸಾಮಾನ್ಯವಾಗಿ ಸಿಗುವುದು ಕಾವಲು ಕೆಲಸ, ರಸ್ತೆ ಸವರುವ ಕೆಲಸ. ಸೊಂಟಕ್ಕೆ ಹಾರ್ನೆಸ್ ಬಿಗಿದು ಗೋಪುರದೊಳಗಿನ ಏಣಿ ಹತ್ತಿ, ಮೇಲಿನ ಪೆಟ್ಟಿಗೆಯಲ್ಲಿ ಗೇರ್‌ಬಾಕ್ಸ್ ಎಣ್ಣೆ ನೋಡಿ, ಬೋಲ್ಟುಗಳ ಬಿಗಿ ಅಳೆದು ಇಳಿಯುವುದು ತಂತ್ರಜ್ಞರ ಕೆಲಸ. ಮುಂಗಾರಿನ ಜೋರು ಗಾಳಿ ಶುರುವಾಗುವ ಮೊದಲೇ ಈ ನಿರ್ವಹಣೆ ಮುಗಿಯಬೇಕು. ಫಿಟ್ಟರ್, ಎಲೆಕ್ಟ್ರಿಷಿಯನ್ ಐಟಿಐ ಆದವರು ಒಂದಷ್ಟು ಹೆಚ್ಚಿನ ತರಬೇತಿ ಪಡೆದರೆ ಇದನ್ನು ಮಾಡಬಲ್ಲರು. ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ ವಾಯುಮಿತ್ರ ಎಂಬ ಹೆಸರಿನಲ್ಲಿ ಇಂಥ ಕೋರ್ಸನ್ನು ರೂಪಿಸಿದೆ. ರಾಜ್ಯ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಐಟಿಐಗಳನ್ನು ಸುಮಾರು 4,700 ಕೋಟಿಯಲ್ಲಿ ನವೀಕರಿಸಿದೆ, 2022ರಲ್ಲಿ ಅವುಗಳ ಉದ್ಘಾಟನೆಯೂ ಆಯಿತು. ಯಂತ್ರ ಗುಡ್ಡದ ಮೇಲಿದೆ, ಐಟಿಐ ಪಟ್ಟಣದಲ್ಲಿದೆ, ಹುಡುಗ ನಡುವಿನ ಹಳ್ಳಿಯಲ್ಲಿದ್ದಾನೆ. ಈ ಮೂರನ್ನೂ ಸೇರಿಸುವುದಕ್ಕೆ ಬೇಕಾದ ಹಣ ಒಂದು ಸಮುದಾಯ ಭವನದ ಖರ್ಚಿಗಿಂತ ದೊಡ್ಡದೇನಲ್ಲ. ಅದರ ಬದಲು ಹಿರಿಯೂರಿನ ಹುಡುಗನಿಗೆ ಬೆಂಗಳೂರಿನ ಮಾಲ್‌ನಲ್ಲಿ ನಿಲ್ಲುವ ಮಾರಾಟ ತರಬೇತಿ ಕೊಟ್ಟು ಕಳಿಸುವುದನ್ನು ಜೀವನೋಪಾಯ ಎಂದು ಒಪ್ಪಿಕೊಳ್ಳಲು ನನ್ನಿಂದ ಆಗುವುದಿಲ್ಲ. ಬಬ್ಬೂರು ಫಾರಂನಂಥ ಕೃಷಿ, ತೋಟಗಾರಿಕೆ ಸಂಶೋಧನಾ ಕೇಂದ್ರ ಹಿರಿಯೂರಿನ ಮಗ್ಗುಲಲ್ಲೇ ಇರುವಾಗ, ದಾಳಿಂಬೆಗೂ ಅಡಿಕೆಗೂ ಸಂಬಂಧಿಸಿದ ಕಸುಬುಗಳು ಈ ತರಬೇತಿಗಳ ಪಟ್ಟಿಯ ಮೇಲ್ತುದಿಯಲ್ಲಿರಬೇಕಿತ್ತು.

ಬೆಂಗಳೂರಿಗೆ ಕಳಿಸುವ ಯೋಚನೆ ದೆಹಲಿಯಲ್ಲೂ ಬಲವಾಗಿದೆ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಗೆ ದೇಶದ 500 ದೊಡ್ಡ ಕಂಪನಿಗಳನ್ನು ಆರಿಸಿದ್ದು ಅವುಗಳ ಸಿಎಸ್‌ಆರ್ ಖರ್ಚಿನ ಆಧಾರದ ಮೇಲೆ. ಆಗ ಗೊತ್ತುಮಾಡಿದ ತಿಂಗಳ ಭತ್ಯೆ 5,000 ರೂಪಾಯಿ. ಅದರಲ್ಲಿ ಕಂಪನಿಯ ಸಿಎಸ್‌ಆರ್ ಪಾಲು 500. ಹೊಳಲ್ಕೆರೆಯ ಅಡಿಕೆ ತೋಟದ ಕೂಲಿಕಾರರ ಮಗ ಆ ಹಣದಲ್ಲಿ ಬೆಂಗಳೂರಿನಲ್ಲಿ ಬಾಡಿಗೆ ಕೊಟ್ಟು ಉಣ್ಣಲಾರ. ಅವನ ಮನೆಯವರೇ ಕೈಯಿಂದ ಹಾಕಬೇಕು, ಇಲ್ಲವೇ ಅವನು ಹೋಗುವುದಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಸಮಸ್ಯೆ ಇನ್ನೂ ಸೂಕ್ಷ್ಮ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಸ್ ಚಾರ್ಜಿನ ಚಿಂತೆ ತೆಗೆದಿದೆ. ಆದರೆ ಸಂಜೆ ತರಬೇತಿ ಮುಗಿದ ಮೇಲೆ ಧರ್ಮಪುರದ ಕಡೆಯ, ತಾಳ್ಯದ ಕಡೆಯ ಹಳ್ಳಿಗೆ ಬಸ್ಸೇ ಇಲ್ಲದಿದ್ದರೆ ಉಚಿತ ಟಿಕೆಟ್ಟಿನಿಂದ ಏನೂ ಆಗದು. ಎರಡನೇ ವಾರಕ್ಕೆ ಹುಡುಗಿ ಬರುವುದು ನಿಲ್ಲಿಸುತ್ತಾಳೆ, ಕಾರ್ಯಕ್ರಮದ ವರದಿಯಲ್ಲಿ ಅವಳಿಗೆ ಆಸಕ್ತಿ ಇರಲಿಲ್ಲ ಎಂದು ದಾಖಲಾಗುತ್ತದೆ. ತಾಲ್ಲೂಕು ಕೇಂದ್ರದಲ್ಲೊಂದು ಹಾಸ್ಟೆಲ್, ಅಥವಾ ಸಂಜೆಗೊಂದು ವ್ಯಾನ್, ಇಷ್ಟನ್ನು ಯೋಜನೆಯ ಖರ್ಚಿನಲ್ಲೇ ಸೇರಿಸಿದರೆ ಹಾಜರಾತಿ ತಾನಾಗಿ ಸರಿಹೋಗುತ್ತದೆ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ಹೊಸದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿಟ್ಟಿತ್ತು. ಆದರೂ ಚಿತ್ರದುರ್ಗ ಕಲ್ಯಾಣ ಕರ್ನಾಟಕದ 371(ಜೆ) ವ್ಯಾಪ್ತಿಯಲ್ಲಿಲ್ಲ. ಕೇಂದ್ರದ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿಯಲ್ಲಿ ಕರ್ನಾಟಕದಿಂದ ರಾಯಚೂರು, ಯಾದಗಿರಿ ಇವೆ, ಇದಿಲ್ಲ. ಪಟ್ಟಿ ನೋಡಿ ಹಣ ಹಂಚುವ ಮುಂಬೈ, ಬೆಂಗಳೂರಿನ ಕಚೇರಿಗಳಿಗೆ ಈ ಜಿಲ್ಲೆ ಕಾಣಿಸುವುದಿಲ್ಲ. ಆದ್ದರಿಂದ ಇಲ್ಲಿಗೆ ಬಂದ ಪ್ರತಿ ಕಂಪನಿಯಿಂದ ಜಿಲ್ಲಾಡಳಿತ ಒಂದೇ ಒಂದು ಕಾಗದ ಕೇಳಲಿ: ಎರಡು ವರ್ಷದ ಹಿಂದೆ ನಿಮ್ಮಲ್ಲಿ ಕಲಿತವರು ಈಗ ಎಲ್ಲಿದ್ದಾರೆ, ಏನು ದುಡಿಯುತ್ತಿದ್ದಾರೆ, ನಡುವೆ ಬಿಟ್ಟವರು ಯಾಕೆ ಬಿಟ್ಟರು. ಕೊಟ್ಟ ಬ್ಯಾಗು, ಹೊಲಿಗೆ ಯಂತ್ರಗಳ ಲೆಕ್ಕ ಅದರ ಹಿಂಬದಿಯಲ್ಲಿರಲಿ. ಹೆಸರುಗಳನ್ನು ಬಿಟ್ಟು ಆ ವಿವರವನ್ನು ಆಯಾ ಊರಿನ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಲಿ, ಮುಂದಿನ ವರ್ಷ ಏನು ಕಲಿಸಬೇಕು ಎಂದು ಅಲ್ಲಿಯೇ ಕೇಳಲಿ.